ಹನ್ನೆರಡು ಪುಟದ ಚರಂಡಿ

ಹೋದ ತಿಂಗಳು ಇಪ್ಸ್‌ವಿಚ್‌ನಲ್ಲಿ ಹೊಸ ಗೋದಾಮೊಂದರ ನೆಲ ನೋಡಿಕೊಂಡು ಬ್ರಿಸ್ಬೇನ್ ಕಡೆ ಹೊರಟಿದ್ದೆ. ಪೆಟ್ರೋಲ್ ತುಂಬಿಸಲು ದಾರಿಯಲ್ಲಿ ಒಂದು ಸರ್ವೋದಲ್ಲಿ ನಿಲ್ಲಿಸಿ ಕಾರಿನ ಬಾಗಿಲು ತೆಗೆದದ್ದೇ ತಡ, ಸುಟ್ಟ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ನಿಂತಿದ್ದ ಯೂಟಿನ, ಅಂದರೆ ಹಿಂದೆ ಸಾಮಾನು ತುಂಬುವ ತೆರೆದ ಗಾಡಿಯ, ಹಿಂಭಾಗದಲ್ಲಿ, ಹಳೆಯ ಕಂಬಳಿಯ ಮೇಲೆ, ರೆಕ್ಕೆ ಬಿಚ್ಚಿಟ್ಟ ಒಂದು ಮಾದರಿ ವಿಮಾನ ಮಲಗಿತ್ತು. ಅಂಥ ವಿಮಾನದ ಮುಷ್ಟಿಗಾತ್ರದ ಎಂಜಿನ್ನಿಗೆ ಹಾಕುವ ಇಂಧನದಲ್ಲಿ ಹರಳೆಣ್ಣೆ ಬೆರೆಸುತ್ತಾರೆ. ಈಗ ಹೆಚ್ಚಿನವರು ಬ್ಯಾಟರಿಯಲ್ಲೇ ಹಾರಿಸುತ್ತಾರೆ. ಹಳಬರು ಮಾತ್ರ ಎಣ್ಣೆ ಬಿಟ್ಟಿಲ್ಲ. ನಮ್ಮ ಮನೆಗಳಲ್ಲಿ ಹರಳೆಣ್ಣೆಯೆಂದರೆ ನೆತ್ತಿಗೆ ತಟ್ಟುವ ಕೈ, ಕಣ್ಣಿಗೆ ಬಿದ್ದ ಸೀಗೆಪುಡಿಯ ಉರಿ, ಹಂಡೆಯ ಬಿಸಿನೀರು. ನನಗೆ ಅದು ಪರ್ತ್‌ನಲ್ಲಿ ಕಳೆದ ಕೊನೆಯ ಚಳಿಗಾಲ. ಯೂಟಿನವನು ಮಾತಿಗೆ ಬರುವ ಮೊದಲೇ ಅಲ್ಲಿಂದ ಹೊರಟುಬಿಟ್ಟೆ.

ಆ ವರ್ಷ ನಾನು ಪರ್ತ್‌ನಲ್ಲಿ ಒಬ್ಬನೇ ಇದ್ದೆ. ಹೆಂಡತಿ ಶೈಲಾಗೆ ಅಡಿಲೇಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಮಗಳನ್ನು ಕರೆದುಕೊಂಡು ಹೋಗಿದ್ದಳು. ನನ್ನದು ನೀರು ಹರಿಸುವ ವಿದ್ಯೆ. ಗಣಿಗಳ ರಸ್ತೆಗೆ ಮೋರಿ, ಚರಂಡಿ ವಿನ್ಯಾಸ ಮಾಡುವ ಕಂಪನಿಯಲ್ಲಿ ಕೆಲಸ. ಮೈಸೂರಿನಲ್ಲಿ ಹದಿನೈದು ವರ್ಷ ಸ್ವಂತ ಸಹಿ ಹಾಕಿ ನಕ್ಷೆ ಕೊಟ್ಟಿದ್ದವನು ಇಲ್ಲಿ ನಾಲ್ಕು ವರ್ಷದಿಂದ ಬೇರೆಯವರ ನಕ್ಷೆ ತಿದ್ದುತ್ತಿದ್ದೆ. ಇಳಿಜಾರು ತಪ್ಪಿದ್ದರೆ ಹೇಳುತ್ತಿದ್ದೆ. ಅವರು ಸರಿಮಾಡಿ ತಮ್ಮ ಹೆಸರು ಹಾಕಿಕೊಳ್ಳುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆ ಮಳೆಯನ್ನೋ ಮಂದಿಯನ್ನೋ ಮಾತ್ರ ದೂರಿದರೆ ಸುಳ್ಳಾಗುತ್ತದೆ.

ನನ್ನನ್ನು ವಿಮಾನದ ಕ್ಲಬ್ಬಿಗೆ ಕರೆದೊಯ್ದವನು ಪ್ರಸನ್ನ. ಮೈಸೂರಿನ ಸರಸ್ವತಿಪುರಂ ಹುಡುಗ, ಸಾಫ್ಟ್‌ವೇರಿನವನು, ನನಗಿಂತ ಎಂಟು ವರ್ಷ ಚಿಕ್ಕವನು. ಹಿಂದಿನ ವರ್ಷದ ದೀಪಾವಳಿ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ. ವಾರಾಂತ್ಯ ಏನು ಮಾಡುತ್ತೀರಿ ಎಂದು ಕೇಳಿ, ನನ್ನ ಉತ್ತರಕ್ಕೆ ಮರುಗಿ, "ಮನೇಲಿ ಕೂತ್ಕೊಂಡು ಗೋಡೆ ನೋಡ್ತೀರಾ ನಾಗಣ್ಣ? ಭಾನುವಾರ ರೆಡಿ ಇರಿ, ಬಂದ್ ಕರ್ಕೊಂಡ್ ಹೋಗ್ತೀನಿ" ಎಂದಿದ್ದ.

ಮೈದಾನ ಸ್ವಾನ್ ವ್ಯಾಲಿಯ ಅಂಚಿನಲ್ಲಿ, ಒಂದು ದ್ರಾಕ್ಷಿ ತೋಟದ ಹಿಂದೆ ಇತ್ತು. ತೋಟದ ಯಜಮಾನನ ಪಾಳುಜಮೀನು. ವರ್ಷವರ್ಷಕ್ಕೆ ಗುತ್ತಿಗೆ ನವೀಕರಿಸಿಕೊಂಡು ಕ್ಲಬ್ಬಿನವರು ಇಪ್ಪತ್ತು ವರ್ಷದಿಂದ ಅಲ್ಲಿ ಹಾರಿಸುತ್ತಿದ್ದರು. ಒಂದು ಕಬ್ಬಿಣದ ಕಂಟೇನರು, ಅದರ ಮುಂದೆ ತಗಡಿನ ಚಪ್ಪರ, ನೀಟಾಗಿ ಕತ್ತರಿಸಿದ ಹುಲ್ಲಿನ ಒಂದು ಪಟ್ಟಿ. ಅದೇ ರನ್‌ವೇ. ಸದಸ್ಯರು ಇಪ್ಪತ್ತೈದು ಜನ, ಬಹುಪಾಲು ನಿವೃತ್ತರು. ಅವರಲ್ಲಿ ನನ್ನನ್ನು ಹತ್ತಿರ ಸೇರಿಸಿಕೊಂಡವರು ವಾಲ್ಟರ್.

ವಾಲ್ಟರ್‌ಗೆ ಎಪ್ಪತ್ತಾರು. ಹುಟ್ಟಿದ್ದು ಕೆನಡಾದ ಉತ್ತರದ ಬಯಲಿನಲ್ಲಿ. ಹರೆಯದಲ್ಲಿ ಫಿಟ್ಟರ್ ಕೆಲಸಕ್ಕೆಂದು ಫ್ರೀಮ್ಯಾಂಟಲ್ ಬಂದರಿಗೆ ಬಂದು ಇಲ್ಲೇ ಉಳಿದವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬಾಲ್ಸಾ ಎಂಬ ಬೆಂಡಿನಷ್ಟು ಹಗುರವಾದ ಮರವನ್ನು ಕೊಯ್ದು, ಉಜ್ಜಿ, ಎಲುಬು ಎಲುಬಾಗಿ ಅಂಟಿಸಿ ವಿಮಾನ ಕಟ್ಟುವುದನ್ನು ನನಗೆ ಕಲಿಸಿದವರು ಅವರೇ. ಹೆಚ್ಚು ಮಾತಿನವರಲ್ಲ. ನಾನು ಅಂಟು ಜಾಸ್ತಿ ಹಾಕಿದರೆ ಆ ತುಂಡನ್ನು ನನ್ನ ಕೈಯಿಂದ ತೆಗೆದು, ಮುರಿದು, ಬೇರೆಯದನ್ನು ಕೊಡುತ್ತಿದ್ದರು. ಅಷ್ಟೇ ಪಾಠ. ಆರು ತಿಂಗಳಲ್ಲಿ ನಾನು ಕಟ್ಟಿದ ಹಳದಿ ವಿಮಾನ ಮೈದಾನದ ಮೇಲೆ ಎರಡು ಸುತ್ತು ಹಾಕಿ ಸರಿಯಾಗಿ ಇಳಿದಾಗ ಅವರು ಹೇಳಿದ್ದು, "ಇನ್ನೊಂದು ಕಟ್ಟು."

ಆ ವರ್ಷ ಮೇ ತಿಂಗಳ ಕೊನೆಗೆ ಶುರುವಾದ ಮಳೆ ನಿಲ್ಲುವ ಲಕ್ಷಣ ತೋರಲಿಲ್ಲ. ಪರ್ತ್‌ನ ಚಳಿಗಾಲದಲ್ಲಿ ಮಳೆ ಹೊಸದಲ್ಲ. ಸಮುದ್ರದ ಕಡೆಯಿಂದ ಬಂದು ಹೊಡೆದು, ಎರಡು ದಿನ ಬಿಸಿಲು ಬಿಟ್ಟು, ಮತ್ತೆ ಬರುತ್ತದೆ. ಆ ಸಲ ನಡುವಿನ ಬಿಸಿಲೇ ಇರಲಿಲ್ಲ. ಜೂನ್ ಅರ್ಧಕ್ಕೆ ರನ್‌ವೇ ಮೇಲೆ ಗೇಣುದ್ದ ನೀರು ನಿಂತಿತ್ತು. ಕಾರುಗಳು ಗೇಟಿನ ಬಳಿಯೇ ಹೂತುಕೊಳ್ಳಲು ಶುರುವಾಗಿ, ವಿಮಾನಗಳನ್ನು ತಲೆಯ ಮೇಲೆ ಹೊತ್ತು ಗಂಬೂಟಿನಲ್ಲಿ ನಡೆದು ಬರುತ್ತಿದ್ದೆವು. ಬಂದು ಮಾಡುವುದೇನು? ಚಪ್ಪರದ ಕೆಳಗೆ ಕೂತು ಟೀ ಕುಡಿಯುವುದು.

ಹಾಗೆ ಕೂತ ಒಂದು ಭಾನುವಾರ ವಾಲ್ಟರ್ ತಮ್ಮ ಊರಿನ ಹಿಮದ ಮಾತು ತೆಗೆದರು. ಅಲ್ಲಿ ಅರ್ಧ ವರ್ಷ ಹಿಮವಂತೆ. ಹಾಗೆಂದು ಯಾರೂ ವಿಮಾನವನ್ನು ಮೂಲೆಗಿಡುತ್ತಿರಲಿಲ್ಲ. ಚಕ್ರ ಬಿಚ್ಚಿ, ಮುಂದೆ ಬಾಗಿದ ಮರದ ಪಟ್ಟಿ ಹಾಕಿ ಹಿಮದ ಮೇಲೆ ಜಾರಿಸಿ ಎಬ್ಬಿಸುತ್ತಿದ್ದರು. ಬ್ಯಾಟರಿ ಚಳಿಗೆ ಸಾಯುತ್ತದೆಂದು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಬಿಳಿ ಆಕಾಶ, ಬಿಳಿ ನೆಲ. ನಡುವೆ ವಿಮಾನ ಕಳೆದುಹೋಗಬಾರದೆಂದು ಹೊಟ್ಟೆಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದರು.

"ಒಂದು ವರ್ಷ ಸೊಂಟದ ತನಕ ಬಿತ್ತು" ಎಂದರು. "ಎಂಟು ಜನ ಕೈಕೈ ಹಿಡ್ಕೊಂಡು ಸಾಲಾಗಿ ನಿಂತು, ಹೋಗೋದು ಬರೋದು, ಹೋಗೋದು ಬರೋದು. ಇಡೀ ಬೆಳಿಗ್ಗೆ ತುಳಿದು ರನ್‌ವೇ ಮಾಡಿದ್ವಿ. ಹಾರಿಸಿದ್ದು ಹತ್ತು ನಿಮಿಷ."

"ಹತ್ತು ನಿಮಿಷಕ್ಕೆ ಅಷ್ಟು ಕಷ್ಟಾನಾ?" ಎಂದೆ.

"ಮನೆಗೆ ಹೋಗಿದ್ರೆ ಅದೂ ಇರ್ತಿರಲಿಲ್ಲ."

ಮುಂದಿನ ಭಾನುವಾರ ಅವರು ತಮ್ಮ ಕೆಂಪು ವಿಮಾನದ ಚಕ್ರ ಕಿತ್ತು, ಥರ್ಮಾಕೋಲಿನಲ್ಲಿ ಕೆತ್ತಿದ ಎರಡು ಪುಟ್ಟ ದೋಣಿಗಳನ್ನು ಕಟ್ಟಿಕೊಂಡು ಬಂದರು. ನೀರಿನ ಮೇಲೆ ಇಟ್ಟು ಎಂಜಿನ್ ಶುರುಮಾಡಿದರು. ಹರಳೆಣ್ಣೆಯ ಹೊಗೆ ಮಳೆಯ ತೇವಕ್ಕೆ ಮೇಲೇಳಲಾರದೆ ನೀರಿನ ಮೇಲೇ ಹಬ್ಬಿತು. ವಿಮಾನ ಎರಡು ಗೆರೆ ಸೀಳಿಕೊಂಡು ಓಡಿ, ಮೂಗು ಎತ್ತಿ, ಹೋಯಿತು. ಇಪ್ಪತ್ತು ಜನ ಗಂಡಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಾಯಿಬಿಟ್ಟುಕೊಂಡು ನೋಡಿದೆವು. ಆಮೇಲಿನ ಎರಡು ವಾರ ಎಲ್ಲರ ಮನೆಯಲ್ಲೂ ಥರ್ಮಾಕೋಲಿನ ಪುಡಿ. ನಾನೂ ನನ್ನ ಹಳದಿ ವಿಮಾನಕ್ಕೆ ದೋಣಿ ಕಟ್ಟಿದೆ. ಅಡಿಲೇಡಿಗೆ ವೀಡಿಯೋ ಕಳಿಸಿದೆ. ಮಗಳು "ದಟ್ಸ್ ಸೋ ಕೂಲ್, ಅಪ್ಪ" ಎಂದು ಬರೆದಳು. ಈ ದೇಶಕ್ಕೆ ಬಂದಮೇಲೆ ನಾನು ಮನಸಾರೆ ಖುಷಿಯಾಗಿದ್ದ ಹದಿನೈದು ದಿನ ಯಾವುದೆಂದರೆ ಅದು.

ಜುಲೈಯಲ್ಲಿ ನೀರು ಕಂಟೇನರಿನೊಳಗೆ ನುಗ್ಗಿತು. ಅಲ್ಲಿಟ್ಟಿದ್ದ ಏಳೆಂಟು ವಿಮಾನಗಳ ಬಾಲ್ಸಾ ಊದಿ, ರೆಕ್ಕೆಗಳು ಒಣಗಿದ ಹಪ್ಪಳದ ಹಾಗೆ ತಿರುಚಿಕೊಂಡವು. ಒಬ್ಬ ಮುದುಕರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಜನ ಬರುವುದು ಕಡಿಮೆಯಾಯಿತು. ಆಗ ಕ್ಲಬ್ಬಿನ ಅಧ್ಯಕ್ಷ ಗ್ಯಾರಿ, ಬಾರ್ಬಿ ಎಂದು ಇಲ್ಲಿಯವರು ಕರೆಯುವ ಬಯಲಡುಗೆಯ ಹೊತ್ತಿನಲ್ಲಿ, ಸಾಸೇಜು ತಿರುವಿಹಾಕುತ್ತಾ ನನ್ನ ಕಡೆ ನೋಡಿದ. ಅರವತ್ತರ ಆಸುಪಾಸಿನ, ಎಲ್ಲರ ಹೆಗಲ ಮೇಲೂ ಕೈಹಾಕಿ ಮಾತಾಡುವ ಮನುಷ್ಯ. ಅಲ್ಲಿಯವರೆಗೆ ಅವನ ಲೆಕ್ಕದಲ್ಲಿ ನಾನು ಇಂಡಿಯನ್ ಅಂಗಡಿಯಿಂದ ಸಮೋಸಾ ತರುವವನು.

"ನಾಗ್, ನೀನು ಈ ನೀರಿನ ಕೆಲಸದವನೇ ಅಲ್ವಾ? ಇದಕ್ಕೇನಾದ್ರೂ ಮಾಡೋಕಾಗುತ್ತಾ ನೋಡು ಮೇಟ್."

"ಪೂರ್ವದ ಬೇಲಿ ಪಕ್ಕ ಒಂದು ಕಾಲುವೆ ತೋಡಿದ್ರೆ ಸಾಕು" ಎಂದರು ವಾಲ್ಟರ್, ಕೂತಲ್ಲಿಂದಲೇ. "ಆರು ಗುದ್ದಲಿ, ಒಂದು ಶನಿವಾರ. ಯಾರನ್ನೂ ಕೇಳೋದು ಬೇಡ."

ಅವರು ಹೇಳಿದ್ದೇ ಸರಿಯಿತ್ತು. ಅಷ್ಟು ಮಾಡಿದ್ದರೆ ಮುಗಿಯುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ.

ಎರಡು ಶನಿವಾರ ಮಳೆಯಲ್ಲೇ ಲೆವೆಲ್ ಇಟ್ಟು ಇಡೀ ಜಮೀನಿನ ಏರುತಗ್ಗು ಅಳೆದೆ. ಕೋಲು ಹಿಡಿಯಲು ಪ್ರಸನ್ನ ಬಂದ. ನೆಲ ಕೊರೆಯುವ ಕೈಬೈರಿಗೆಯಿಂದ ಒಂಬತ್ತು ಕಡೆ ತೂತು ಹಾಕಿ ನೋಡಿದೆ. ಮೇಲೆ ಮೊಳದಷ್ಟು ಮರಳು, ಕೆಳಗೆ ತಟ್ಟೆಯ ಹಾಗೆ ಗಟ್ಟಿ ಜೇಡಿ. ಬಿದ್ದ ನೀರಿಗೆ ಇಂಗಲು ದಾರಿಯೇ ಇಲ್ಲ. ಮನೆಗೆ ಬಂದು ಬರೆಯಲು ಕೂತೆ. ಹನ್ನೆರಡು ಪುಟವಾಯಿತು. ಚಿತ್ರ, ಇಳಿಜಾರು, ಎಲ್ಲಿ ತೋಡಬೇಕು, ಎಷ್ಟು ಆಳ, ಕೊನೆಗೆ ದಕ್ಷಿಣದ ಹಳ್ಳಕ್ಕೆ ಹೇಗೆ ಸೇರಿಸಬೇಕು, ಎಲ್ಲ. ಕೊನೆಯ ಪುಟದಲ್ಲಿ ಎರಡು ಮಾತು ಬರೆದೆ. ಈಗ ಇರುವ ಸ್ಥಿತಿಯಲ್ಲಿ ಚಳಿಗಾಲದಲ್ಲಿ ಇಲ್ಲಿ ಜನ ಸೇರುವುದು ಸುರಕ್ಷಿತವಲ್ಲ. ಈ ಚರಂಡಿ ಮಾಡಿದರೆ ಜಮೀನು ವರ್ಷವಿಡೀ ಒಣಗಿದ್ದು ಯಾವ ಉಪಯೋಗಕ್ಕೂ ಒದಗುತ್ತದೆ. ಕೆಳಗೆ ನನ್ನ ಪೂರ್ತಿ ಹೆಸರು, ಡಿಗ್ರಿ, ಸಹಿ. ನಾಲ್ಕು ವರ್ಷದ ಮೇಲೆ ಹಾಕಿದ ಸಹಿ. ಹಾಕಿದಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಕೊಡುವ ಮೊದಲು ವಾಲ್ಟರ್‌ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಹನ್ನೆರಡು ಪುಟವನ್ನೂ ಓದಿದರು. ಓದಿ, ಕೊನೆಯ ಹಾಳೆ ಹಿಡಿದು, "ಇದನ್ನ ಹರಿದುಹಾಕು" ಎಂದರು.

"ಯಾಕೆ? ತಪ್ಪಿದೆಯಾ?"

"ತಪ್ಪಿಲ್ಲ. ಜಮೀನು ಯಾರದ್ದು ನಾಗ್?"

ನಾನು ನಕ್ಕೆ. "ನಮ್ಮ ವೃತ್ತಿಯಲ್ಲಿ ಅರ್ಧ ಹೇಳಿ ಅರ್ಧ ಬಿಡೋ ಹಾಗಿಲ್ಲ ವಾಲ್ಟರ್" ಎಂದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ರೆಕ್ಕೆಯ ಕೆಲಸಕ್ಕೆ ತಿರುಗಿದರು. ಆ ಕ್ಷಣ ನನಗೆ ಅವರು ಹಟದ ಮುದುಕ ಅನ್ನಿಸಿದ್ದು ನಿಜ. ಬರೀ ಫಿಟ್ಟರ್, ಇವರಿಗೇನು ಗೊತ್ತು ಎಂದೂ ಅನ್ನಿಸಿತು. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಗ್ಯಾರಿ ವರದಿ ಕೈಗೆ ತೆಗೆದುಕೊಂಡು ತೂಕ ನೋಡುವವನ ಹಾಗೆ ಮೇಲೆ ಕೆಳಗೆ ಮಾಡಿದ. "ಅಬ್ಬಾ, ನೀನು ದೊಡ್ಡ ಮನುಷ್ಯ ಕಣಯ್ಯ" ಎಂದು ಎಲ್ಲರ ಮುಂದೆ ಬೆನ್ನು ತಟ್ಟಿದ. ಚರಂಡಿ ತೋಡಲು ಯಜಮಾನನ ಒಪ್ಪಿಗೆ ಬೇಕು, ಹಾಗಾಗಿ ವರದಿಯನ್ನು ತಾನೇ ಕೊಟ್ಟುಬರುತ್ತೇನೆ ಎಂದ. ಆ ಸೋಮವಾರ ಪ್ರಸನ್ನನಿಗೆ ರಜೆ ಇತ್ತು. ಅವನೂ ಗ್ಯಾರಿಯ ಕಾರಿನಲ್ಲಿ ಹೋಗಿದ್ದ. "ಯಜಮಾನ್ರು ಕೂತ್ಕೊಂಡು ಪೂರ್ತಿ ಓದಿದ್ರು ನಾಗಣ್ಣ. ನಿಮ್ ಕೆಲಸ ತುಂಬಾ ಮೆಚ್ಕೊಂಡ್ರು" ಎಂದು ಸಂಜೆ ಫೋನ್ ಮಾಡಿ ಹೇಳಿದವನು ಅವನೇ.

ಆಗಸ್ಟ್ ಕೊನೆಗೆ ಯಜಮಾನನ ವಕೀಲರಿಂದ ಕಾಗದ ಬಂತು. ಮುಂದಿನ ವರ್ಷಕ್ಕೆ ಗುತ್ತಿಗೆ ಇಲ್ಲ. ಸ್ಥಳ ಸುರಕ್ಷಿತವಲ್ಲವೆಂದು ಕ್ಲಬ್ಬಿನ ಎಂಜಿನಿಯರೇ ಬರೆದುಕೊಟ್ಟಿರುವುದರಿಂದ ಇನ್ನು ಮುಂದೆ ಜವಾಬ್ದಾರಿ ಹೊರಲಾಗದು. ಜಮೀನನ್ನು ದ್ರಾಕ್ಷಿಗೆ ಬಳಸಿಕೊಳ್ಳಲಾಗುವುದು. ನನ್ನ ವಾಕ್ಯವನ್ನು ಒಂದಕ್ಷರ ಬಿಡದೆ ಎತ್ತಿ ಹಾಕಿದ್ದರು.

ಸಭೆ ಆ ಶನಿವಾರ ಮಧ್ಯಾಹ್ನ, ಚಪ್ಪರದ ಕೆಳಗೆ. ಅಷ್ಟು ಜನ ಒಟ್ಟಿಗೆ ಬಂದಿದ್ದು ಎರಡು ತಿಂಗಳ ಮೇಲೆ. ಗ್ಯಾರಿ ಕಾಗದ ಓದಿದ. ಓದಿ ಮಡಚಿ, ಯಾರ ಕಡೆಗೂ ನೋಡದೆ ಹೇಳಿದ: "ನಾಗ್ ಬರೆದ ರಿಪೋರ್ಟು ಯಜಮಾನನ ಕೈ ಸೇರಿದೆ. ಆಗಿದ್ದು ಆಯ್ತು."

ಹೇಗೆ ಸೇರಿತು ಎಂದು ಅವನು ಹೇಳಲಿಲ್ಲ. ಇಪ್ಪತ್ತು ಮುಖ ನನ್ನ ಕಡೆ ತಿರುಗಿದವು. ನಾನು ಎದ್ದು ನಿಂತೆ. "ಗ್ಯಾರಿ, ಕೇಳಿದ್ದು ನೀನು. ತೊಗೊಂಡು ಹೋಗಿ ಕೊಟ್ಟಿದ್ದೂ ನೀನು."

"ಬಿಸಿಯಾಗ್ಬೇಡ ಮೇಟ್. ನೋಡು ಅಂದೆ, ಹೌದು. ಇದು ಸೇಫ್ ಅಲ್ಲ ಅಂತ ಬರೆದು ಸಹಿ ಹಾಕು ಅಂದ್ನಾ?"

ಹಿಂದಿನಿಂದ ಯಾರೋ, "ಬಂದು ಒಂದು ವರ್ಷ ಆಗಿಲ್ಲ, ಇಪ್ಪತ್ತು ವರ್ಷದ ಜಾಗ ಕಳೆದ" ಎಂದರು. ನಾನು ಪ್ರಸನ್ನನ ಕಡೆ ನೋಡಿದೆ. ಅವನು ಆ ಕಾರಿನಲ್ಲಿದ್ದವನು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತಲೆ ತಗ್ಗಿಸಿ ಫೋನು ಒರೆಸುತ್ತಿದ್ದ. ಆಮೇಲೆ ವಾಲ್ಟರ್ ಕಡೆ ನೋಡಿದೆ. ಅವರು ನನ್ನನ್ನು ನೇರವಾಗಿ ನೋಡಿದರು.

"ಅವನಿಗೆ ಹೇಳಿದ್ದೆ" ಎಂದರು. ಅಷ್ಟೇ.

ಉತ್ತರ ಕೊಡಬೇಕೆಂದು ಬಾಯಿ ತೆರೆದರೆ ಇಂಗ್ಲಿಷ್ ಬರಲಿಲ್ಲ. ಗಂಟಲ ತನಕ ಬಂದದ್ದೆಲ್ಲ ಕನ್ನಡ. ಅದನ್ನು ಆಡಿ ಅಲ್ಲಿ ಪ್ರಯೋಜನವಿರಲಿಲ್ಲ. ಗಂಬೂಟು ಕೆಸರಿನಿಂದ ಕಿತ್ತು ಕಿತ್ತು ಇಡುತ್ತ ಗೇಟಿನ ತನಕ ನಡೆದೆ.

ಪ್ರಸನ್ನ ಹಿಂದೆಯೇ ಓಡಿ ಬಂದ. "ನಾಗಣ್ಣ, ಒಂದ್ನಿಮಿಷ."

"ನೀನಿದ್ಯಲ್ಲೋ ಆ ಕಾರಲ್ಲಿ."

"ಇದ್ದೆ. ಏನಂತ ಹೇಳ್ಲಿ? ಅಧ್ಯಕ್ಷನ್ನ ಎಲ್ರ ಎದುರು ಸುಳ್ಳುಗಾರ ಅಂತ ಅನ್ನೋದಾ?"

"ಅವನು ನನ್ನನ್ನ ಏನು ಮಾಡ್ದ ಮತ್ತೆ?"

"ನೀವು ಹೇಗಿದ್ರೂ ಅಡಿಲೇಡಿಗೆ ಹೊರಟೋಗ್ತೀರಿ ನಾಗಣ್ಣ. ನಾನಿಲ್ಲೇ ಇರ್ಬೇಕು. ನನಗಿರೋದು ಇದೊಂದೇ" ಎಂದ.

ಅವನ ಮೇಲೆ ಆ ದಿನ ಬಂದ ಸಿಟ್ಟು ಇಳಿದಿಲ್ಲ. ಆದರೆ ಅವನು ಸುಳ್ಳು ಹೇಳಲಿಲ್ಲ ಎಂಬುದೂ ಗೊತ್ತು. ಅಡಿಲೇಡಿನ ಯೋಚನೆಯನ್ನು ನಾನು ಅವನೊಬ್ಬನಿಗೆ ಹೇಳಿದ್ದೆ.

ಜಾಗ ಖಾಲಿ ಮಾಡುವ ದಿನ ಯಾವುದೆಂದು ನನಗೆ ಯಾರೂ ತಿಳಿಸಲಿಲ್ಲ. ಅಕ್ಟೋಬರಿನ ಒಂದು ಭಾನುವಾರ ಸುಮ್ಮನೆ ಆ ಕಡೆ ಹೋದೆ, ಅವತ್ತೇ ಆಗಿತ್ತು. ಮಳೆ ನಿಂತು ಬಿಸಿಲು ಬಂದಿತ್ತು, ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕೆಟ್ಟುಹೋದ ವಿಮಾನಗಳನ್ನು ಒಂದು ಗುಡ್ಡೆ ಹಾಕಿ ಸುಡುತ್ತಿದ್ದರು. ಗ್ಯಾರಿ ಕಾಣಲಿಲ್ಲ. ನಾಲ್ಕು ಜನ ಮುದುಕರು ಚಪ್ಪರದ ಕಬ್ಬಿಣದ ಕಂಬವೊಂದನ್ನು ಟ್ರೇಲರಿಗೆ ಎತ್ತಲು ಹೆಣಗುತ್ತಿದ್ದರು. ಒಂದು ತುದಿ ಮೇಲೆ ಬಂದರೆ ಇನ್ನೊಂದು ಜಾರುತ್ತಿತ್ತು. ನಾನು ಹೋಗಿ ಜಾರುವ ತುದಿಗೆ ಕೈ ಕೊಟ್ಟೆ. ಆ ತುದಿಯಲ್ಲಿದ್ದವರು ವಾಲ್ಟರ್.

"ಬಿಡು" ಎಂದರು. "ನಾವು ಸಾಕಷ್ಟು ಜನ ಇದ್ದೀವಿ."

ಸಾಕಷ್ಟು ಜನ ಇರಲಿಲ್ಲ. ನಾನು ಕೈ ತೆಗೆದೆ. ಕಂಬ ನೆಲಕ್ಕೆ ಬಿತ್ತು. ಅವರು ಬಗ್ಗಿ ಮತ್ತೆ ಹಿಡಿದುಕೊಂಡರು. ನಾನು ಇನ್ನೂ ಅಲ್ಲೇ ನಿಂತಿದ್ದರೆ ಅವರು ಎತ್ತುವುದಿಲ್ಲವೆಂದು ತಿಳಿದು ಹೊರಟುಬಂದೆ.

ಡಿಸೆಂಬರಿನಲ್ಲಿ ಕೆಲಸ ಬಿಟ್ಟು ಅಡಿಲೇಡಿಗೆ ಹೋದೆ. ಶೈಲಾಗೆ ಎಲ್ಲ ಹೇಳಿದಾಗ ಅವಳು ಪೂರ್ತಿ ಕೇಳಿ, "ಅವರು ಕೇಳಿದ್ದು ಒಂದು ಕಾಲುವೆ. ನಿಮಗೆ ಯಾರು ರೀ ಹನ್ನೆರಡು ಪುಟ ಬರೀರಿ ಅಂದ್ರು?" ಎಂದಳು. ಗ್ಯಾರಿಯನ್ನು ಬೈಯುತ್ತಾಳೆಂದು ಕಾದಿದ್ದೆ. ಬೈಯಲಿಲ್ಲ. ಹಳದಿ ವಿಮಾನವನ್ನು ಮಗಳು ತನ್ನ ಕೋಣೆಯಲ್ಲಿ ತೂಗುಹಾಕುತ್ತೇನೆಂದಳು. ಪರ್ತ್‌ನಲ್ಲೇ ಬಿಟ್ಟುಬಂದೆ ಎಂದೆ. ಅದನ್ನು ಮುರಿದು ಕಸದ ಡಬ್ಬಿಗೆ ಹಾಕಿದ್ದೆ. ಆಮೇಲೆ ಬ್ರಿಸ್ಬೇನಿಗೆ ಬಂದೆವು. ಇಲ್ಲಿ ನನ್ನ ನಕ್ಷೆಗೆ ನನ್ನದೇ ಸಹಿ.

ಎರಡು ವರ್ಷ ಕಳೆದು ಪ್ರಸನ್ನನಿಂದ ಒಂದು ಮೆಸೇಜು ಬಂತು. ವಾಲ್ಟರ್ ಹೋಗಿಬಿಟ್ಟರು, ಅಂತ್ಯಕ್ರಿಯೆ ಚೆನ್ನಾಗಿ ಆಯಿತು, ಎಲ್ಲರೂ ಹೊಸ ಮೈದಾನದಲ್ಲಿ ಅವರ ಹೆಸರಿನಲ್ಲಿ ವಿಮಾನ ಹಾರಿಸಿದೆವು ಎಂದು. ಹೊಸ ಮೈದಾನವೊಂದು ಇದೆ ಎಂಬುದೇ ನನಗೆ ಆಗ ಗೊತ್ತಾದದ್ದು. ಫೋನ್ ಮಾಡಿ, "ಮುಂಚೆ ತಿಳಿಸಿದ್ರೆ ಬರ್ತಿದ್ದೆ" ಎಂದೆ.

"ಬರ್ತೀರಿ ಅಂತಾನೇ ತಿಳಿಸಲಿಲ್ಲ ನಾಗಣ್ಣ" ಎಂದ.

ಮರುವರ್ಷ ಜುಲೈಯಲ್ಲಿ ಕೆಲಸದ ಮೇಲೆ ಪರ್ತ್‌ಗೆ ಹೋಗಬೇಕಾಯಿತು. ಬೇಡ ಬೇಡವೆಂದುಕೊಂಡೇ ಬಾಡಿಗೆ ಕಾರನ್ನು ಸ್ವಾನ್ ವ್ಯಾಲಿಯ ಕಡೆ ತಿರುಗಿಸಿದೆ. ಹಿಂದಿನ ದಿನ ಜೋರು ಮಳೆ ಬಿದ್ದಿತ್ತು; ದಾರಿಯ ಎರಡೂ ಬದಿಗೆ ನೀರು ನಿಂತಿತ್ತು. ನಮ್ಮ ಮೈದಾನದಲ್ಲಿ ಮಾತ್ರ ಒಂದು ಹನಿ ಇರಲಿಲ್ಲ. ಅಂಚಿನಿಂದ ಅಂಚಿಗೆ ಎಳೆಯ ದ್ರಾಕ್ಷಿ ಸಾಲು, ಚಳಿಗಾಲಕ್ಕೆ ಸವರಿದ ಬರಿಯ ಕಡ್ಡಿಗಳು. ಪೂರ್ವದ ಬೇಲಿಗುಂಟ ಚರಂಡಿ. ನಾನು ಬರೆದ ಆಳ, ನಾನು ಬರೆದ ಅಗಲ, ನಾನು ಹೇಳಿದ ಕಡೆಯೇ ಕಲ್ಲು ಹಾಸಿ ದಕ್ಷಿಣದ ಹಳ್ಳಕ್ಕೆ ತಿರುಗಿಸಿದ್ದರು. ನೀರು ಸದ್ದಿಲ್ಲದೆ ಹರಿಯುತ್ತಿತ್ತು. ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಆದ ಕೆಲಸ ಇನ್ನೊಂದಿಲ್ಲ.

ಬೇಲಿಯಾಚೆ ತಂತಿ ಬಿಗಿಯುತ್ತಿದ್ದ ತೋಟದ ಮೇಸ್ತ್ರಿ ಹೆಂಗಸು, ಐವತ್ತರ ವಯಸ್ಸಿನವಳು, ನನ್ನನ್ನು ಕಂಡು ಹತ್ತಿರ ಬಂದಳು. ಏನು ಬೇಕಿತ್ತು ಎಂದಳು. ಸುಮ್ಮನೆ ನೋಡುತ್ತಿದ್ದೇನೆ, ಒಳ್ಳೆಯ ಚರಂಡಿ ಎಂದೆ.

"ಹೌದು, ಒಂದು ದಿನಾನೂ ಕೈಕೊಟ್ಟಿಲ್ಲ" ಎಂದಳು. "ಮುಂಚೆ ಇಲ್ಲಿ ವಿಮಾನ ಆಡಿಸೋರು ಇದ್ರಂತೆ. ಅವರಲ್ಲಿ ಯಾರೋ ಬಿಟ್ಟಿ ನಕ್ಷೆ ಮಾಡಿಕೊಟ್ಟು ಹೋದನಂತೆ."

"ಅವರು ಯಾರಾದ್ರೂ ಬರ್ತಾರಾ ಈಗ?"

"ಇಲ್ಲ. ಮೊದಲನೇ ಚಳಿಗಾಲದಲ್ಲಿ ಒಬ್ಬ ಮುದುಕ ಬಂದಿದ್ದ. ಕೆಂಪು ವಿಮಾನ ಹಿಡ್ಕೊಂಡು, ಅದರ ಕೆಳಗೆ ದೋಣಿ ಥರ ಏನೋ ಕಟ್ಕೊಂಡು. ಮಳೆ ಬಂದಿದೆಯಲ್ಲ, ನೀರು ನಿಂತಿರುತ್ತೆ ಅಂದ್ಕೊಂಡ್ನಂತೆ. ಒಂದು ಸಲ ಹಾರಿಸ್ಕೊಂಡು ಹೋಗ್ತೀನಿ ಅಂದ. ನೀರೆಲ್ಲಿದೆ, ನೋಡಿ, ಅಂದೆ. ಈ ಬೇಲಿ ಹತ್ರಾನೇ ತುಂಬಾ ಹೊತ್ತು ನಿಂತಿದ್ದ."

"ಏನಾದ್ರೂ ಹೇಳಿದ್ರಾ?"

"ಚರಂಡಿ ನೋಡ್ದ. ವಿಮಾನ ಎತ್ಕೊಂಡು ಹೋದ."

ಅವಳು ಕೈಗವಸು ಕಳಚಿ ಬೇಲಿಗೆ ನೇತುಹಾಕಿ, ನನ್ನ ಕಾಲಲ್ಲಿದ್ದ ಸೈಟಿನ ಬೂಟುಗಳ ಕಡೆ ಒಮ್ಮೆ ನೋಡಿದಳು. ಕೆಳಗಿನ ತುಂಡು ಜಮೀನು ಇನ್ನೂ ಜೌಗು ಹಿಡಿದೇ ಇದೆ, ಯಜಮಾನ ಯಾರನ್ನಾದರೂ ಹುಡುಕುತ್ತಿದ್ದಾನೆ ಎಂದಳು.

"ನಿನಗೇನಾದ್ರೂ ಗೊತ್ತಾ ಈ ಚರಂಡಿ ಗಿರಂಡಿ ಕೆಲಸ?"

"ಇಲ್ಲ, ಗೊತ್ತಿಲ್ಲ" ಎಂದೆ.